ರಾಷ್ಟ್ರಪತಿ ಜೈಲಿನ ಬಗ್ಗೆ ಆಡಿದ ಮಾತು ಎಲ್ಲಿ ಹೋಯಿತು?

ಮಾನ್ಯ ಸಂಪಾದಕರೇ,

ರಾಷ್ಟ್ರಪತಿ ಅಂದರೆ ರಬ್ಬರ್ ಸ್ಟ್ಯಾಂಪ್ ಅಂತ ನಾವೆಲ್ಲ ಸುಮ್ನೆ ಹೇಳಿಬಿಡುತ್ತೇವೆ. ಹಾಗೆ ಅನ್ನಿಸುವುದರಲ್ಲಿ ಪತ್ರಿಕೆಗಳ ಪಾಲೂ ಇದೆ. ದ್ರೌಪದಿ ಮುರ್ಮು ಅವರ ಮೊದಲ ವರ್ಷವನ್ನೇ ನೋಡಿ. 2022ರ ಜುಲೈ 25ಕ್ಕೆ ಪ್ರಮಾಣವಚನ, ಸೆಪ್ಟೆಂಬರ್‌ನಲ್ಲಿ ಲಂಡನ್ನಿಗೆ ಹೋಗಿ ರಾಣಿ ಎಲಿಜಬೆತ್ ಅಂತ್ಯಕ್ರಿಯೆ, ಬಂದು ವಾರ ಕಳೆಯುವಷ್ಟರಲ್ಲಿ ಚಾಮುಂಡಿ ಬೆಟ್ಟದಲ್ಲಿ ದಸರಾ ಉದ್ಘಾಟನೆ, ಅದೇ ದಿನ ನಮ್ಮ ಹುಬ್ಬಳ್ಳಿಯಲ್ಲಿ ಪೌರಸನ್ಮಾನ, ಏಪ್ರಿಲ್‌ನಲ್ಲಿ ತೇಜ್‌ಪುರದಿಂದ ಸುಖೋಯ್ ಯುದ್ಧವಿಮಾನದಲ್ಲಿ ಹಾರಾಟ. ಎಲ್ಲಕ್ಕೂ ದೊಡ್ಡ ದೊಡ್ಡ ಫೋಟೊ. ಬೇಡ ಅನ್ನುತ್ತಿಲ್ಲ, ಪೌರಸನ್ಮಾನದ ಫೋಟೊ ನೋಡಿ ನಾವೂ ಖುಷಿಪಟ್ಟವರೇ.

ಆದರೆ ಆ ವರ್ಷ ನವೆಂಬರ್ 26ರಂದು, ಸುಪ್ರೀಂ ಕೋರ್ಟಿನ ಸಂವಿಧಾನ ದಿನದ ಕಾರ್ಯಕ್ರಮದಲ್ಲಿ, ಬರೆದು ತಂದ ಇಂಗ್ಲಿಷ್ ಭಾಷಣ ಬದಿಗಿಟ್ಟು ಅವರು ಹಿಂದಿಯಲ್ಲಿ ಮಾತಾಡಿದರು. ಎದುರಿಗೆ ಕೂತವರು ನ್ಯಾಯಮೂರ್ತಿಗಳು. ಸಣ್ಣಪುಟ್ಟ ಕೇಸಿಗೆ ಒಳಗೆ ಹೋದ ಬಡವರು ವರ್ಷಗಟ್ಟಲೆ ಅಲ್ಲೇ ಇದ್ದಾರೆ, ಮನೆಯವರು ಬಿಡಿಸಿಕೊಳ್ಳಲು ಹೆದರುತ್ತಾರೆ, ಯಾಕೆಂದರೆ ಇದ್ದಬದ್ದದ್ದೆಲ್ಲ ಮಾರಬೇಕಾಗುತ್ತದೆ ಅಂದರು. ದೇಶ ಮುಂದುವರಿಯುತ್ತಿದ್ದರೆ ಇನ್ನಷ್ಟು ಜೈಲು ಯಾಕೆ, ಇರುವುದನ್ನೇ ಕಡಿಮೆ ಮಾಡಬೇಕಲ್ವಾ ಅಂತಲೂ ಕೇಳಿದರು. ಇದನ್ನು ಯಾವ ರಬ್ಬರ್ ಸ್ಟ್ಯಾಂಪ್ ಕೇಳುತ್ತದೆ?

ಮೂರೇ ದಿನಕ್ಕೆ ಸುಪ್ರೀಂ ಕೋರ್ಟು, ಜಾಮೀನು ಸಿಕ್ಕರೂ ಹೊರಬರಲಾಗದೆ ಉಳಿದವರ ವಿವರ ಕೊಡಿ ಅಂತ ಕೇಳಿತು. 2023ರ ಜನವರಿ 31ಕ್ಕೆ ಆದೇಶವೂ ಬಂತು. ಜಾಮೀನು ಆದೇಶದ ಪ್ರತಿಯನ್ನು ಇಮೇಲ್‌ನಲ್ಲಿ ಜೈಲಿಗೆ ಕಳಿಸಬೇಕು, ತಿಂಗಳಾದರೂ ಜಾಮೀನಿನ ಬಾಂಡ್ (ಹಣದ ಮುಚ್ಚಳಿಕೆ) ಕೊಡಲಾಗದಿದ್ದರೆ ಕೋರ್ಟೇ ಮುಂದಾಗಿ ಷರತ್ತು ಸಡಿಲಿಸುವ ಬಗ್ಗೆ ನೋಡಬಹುದು, ಇಂಥ ಸೂಚನೆಗಳು ಅದರಲ್ಲಿವೆ. ತಮಾಷೆ ಅಂದರೆ ಅದೇ ದಿನ ಮುರ್ಮು ಅವರು ಸಂಸತ್ತಿನ ಜಂಟಿ ಅಧಿವೇಶನದಲ್ಲಿ ತಮ್ಮ ಮೊದಲ ಭಾಷಣ ಓದಿದರು. ಆ ಭಾಷಣವನ್ನು ಸಿದ್ಧಮಾಡಿ ಕೊಡುವುದು ಸರ್ಕಾರ, ಓದುವುದಷ್ಟೇ ರಾಷ್ಟ್ರಪತಿ. ಮುಖಪುಟ ಸಿಗುವುದು ಮಾತ್ರ ಅದಕ್ಕೇ. ತಾವೇ ಮನಸ್ಸು ಬಿಚ್ಚಿ ಆಡಿದ ಮಾತಿಗೆ ಒಂದೆರಡು ದಿನದ ಸುದ್ದಿ, ಆಮೇಲೆ ಮರೆವು.

ಪರಪ್ಪನ ಅಗ್ರಹಾರದಲ್ಲಿ, ಬೆಳಗಾವಿಯ ಹಿಂಡಲಗಾದಲ್ಲಿ, ನಮ್ಮ ಧಾರವಾಡದ ಜೈಲಿನಲ್ಲಿ ಜಾಮೀನು ಸಿಕ್ಕೂ ದುಡ್ಡಿಲ್ಲದೆ ಒಳಗೇ ಇರುವವರು ಎಷ್ಟು ಜನ? ಅದರಲ್ಲಿ ತಿಂಗಳು ದಾಟಿದವರು ಎಷ್ಟು? ಮುಂದಿನ ಸಲ ರಾಷ್ಟ್ರಪತಿಗಳು ಕರ್ನಾಟಕಕ್ಕೆ ಬಂದಾಗ ಸನ್ಮಾನದ ಫೋಟೊ ಪಕ್ಕದಲ್ಲಿ ಈ ಲೆಕ್ಕವನ್ನೂ ಹಾಕಿ. ಅಷ್ಟರೊಳಗೆ ಒಬ್ಬ ವರದಿಗಾರರನ್ನು ಕಳಿಸಿ ಕೇಳಿಸಿದರೆ ಆಯಿತು.

- ಒಬ್ಬ ಓದುಗ, ಹುಬ್ಬಳ್ಳಿ