ಕಿನ್‌ಲಾಕ್‌ಲೆವನ್‌ನಲ್ಲಿ ನೋಡಬೇಕಾದದ್ದು ಬೆಟ್ಟವಷ್ಟೇ ಅಲ್ಲ

ಮಾನ್ಯ ಸಂಪಾದಕರೇ,

ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಸ್ಕಾಟ್ಲೆಂಡ್ ಪ್ರವಾಸ ಲೇಖನವು ಗ್ಲೆನ್‌ಕೋ ಕಣಿವೆಯನ್ನೂ ಬೆನ್ ನೆವಿಸ್ ಶಿಖರವನ್ನೂ ಮನದಣಿಯೆ ವರ್ಣಿಸಿ, ಅವೆರಡರ ನಡುವಿನ ಕಿನ್‌ಲಾಕ್‌ಲೆವನ್ ಎಂಬ ಊರನ್ನು ರಾತ್ರಿ ತಂಗುವುದಕ್ಕಷ್ಟೇ ತಕ್ಕ ಹಳೆಯ ಕಾರ್ಖಾನೆಯ ಊರೆಂದು ಒಂದೇ ಸಾಲಿನಲ್ಲಿ ಮುಗಿಸಿದೆ. ವಿದ್ಯುತ್ ಇಲಾಖೆಯಲ್ಲಿ ದುಡಿದು ನಿವೃತ್ತನಾದ ನಾನು, ಗ್ಲಾಸ್ಗೋದಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಅಲ್ಲಿ ಮೂರು ದಿನ ಇದ್ದು ಬಂದವನು; ಆ ಸಾಲನ್ನು ಒಪ್ಪಲಾರೆ.

ಬೆಟ್ಟಗಳ ನಡುವೆ ಒಳನುಗ್ಗಿದ ಕಡಲಿನ ಕಿರಿದಾದ ಚಾಚು ಕೊನೆಗೊಳ್ಳುವಲ್ಲಿ ಈ ಊರಿದೆ. ಅಲ್ಲಿದ್ದದ್ದು ಅಲ್ಯೂಮಿನಿಯಂ ಕಾರ್ಖಾನೆ, ಆದರೆ ಅದರ ಅದಿರು ಅಲ್ಲಿರಲಿಲ್ಲ. ಕಚ್ಚಾವಸ್ತು ಹಡಗಿನಲ್ಲಿ ಬರುತ್ತಿತ್ತು. ಆದರೂ 1909ರಲ್ಲಿ ಕಾರ್ಖಾನೆ ಅಲ್ಲಿಯೇ ಶುರುವಾಯಿತು, ಏಕೆಂದರೆ ಈ ಲೋಹವನ್ನು ತೆಗೆಯಲು ಎಲ್ಲಕ್ಕಿಂತ ಹೆಚ್ಚಾಗಿ ಬೇಕಾದದ್ದು ವಿದ್ಯುತ್ತು, ಅದನ್ನು ಕೊಡಬಲ್ಲ ಮಳೆಯೂ ಇಳಿಜಾರೂ ಅಲ್ಲಿ ಧಾರಾಳವಾಗಿದ್ದವು. 1902ರಲ್ಲೇ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದ ಕಥೆ ಬಲ್ಲ ನಮ್ಮ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕಾರ್ಮಿಕರ ಮನೆಗಳಿಗೂ ದೀಪ ಬಂದುದರಿಂದ ಊರಿಗೆ ‘ಎಲೆಕ್ಟ್ರಿಕ್ ವಿಲೇಜ್’ ಎಂಬ ಹೆಸರೇ ಬಿತ್ತು. ಕಾರ್ಖಾನೆ 2000ದಲ್ಲಿ ಮುಚ್ಚಿತು, ಆದರೆ ವಿದ್ಯುದಾಗಾರ ನಿಂತಿಲ್ಲ. ಗುಡ್ಡದಿಂದ ಇಳಿದು ಬರುವ ಉಕ್ಕಿನ ಕೊಳವೆಗಳಲ್ಲಿ ಇಂದಿಗೂ ನೀರು ಧುಮುಕುತ್ತಿದೆ. ಆ ಕೊಳವೆಗಳು ನೋಟವನ್ನು ಕೆಡಿಸುತ್ತವೆಂದು ಗೊಣಗಿದ ಪ್ರವಾಸಿಗರನ್ನೂ ಕಂಡೆ. ನನಗಂತೂ ಅವು ಅಲ್ಲಿನ ಜಲಪಾತದಷ್ಟೇ ಚೆಂದ ಕಂಡವು. ಇದು ವೃತ್ತಿಯ ಪಕ್ಷಪಾತವಿದ್ದರೂ ಇರಬಹುದು.

ಲೇಖನ ಬಿಟ್ಟುಬಿಟ್ಟ ಮುಖ್ಯ ಸಂಗತಿಯೆಂದರೆ ಆ ವಿದ್ಯುದಾಗಾರಕ್ಕೆ ನೀರೂಡಿಸುವ, ಊರಿನ ಮೇಲ್ಗಡೆಯ ಬ್ಲ್ಯಾಕ್‌ವಾಟರ್ ಅಣೆಕಟ್ಟು. ಒಂಬೈನೂರು ಮೀಟರಿಗೂ ಉದ್ದವಾದ ಈ ಕಟ್ಟೆಯನ್ನು 1905ರಿಂದ 1909ರ ನಡುವೆ, ಬಹುಪಾಲು ಗುದ್ದಲಿ, ಸಲಿಕೆ, ಸುತ್ತಿಗೆಗಳ ಬಲದಿಂದಲೇ, ಐರ್ಲೆಂಡಿನಿಂದಲೂ ಸ್ಕಾಟ್ಲೆಂಡಿನ ದ್ವೀಪಗಳಿಂದಲೂ ಬಂದ ಸಾವಿರಾರು ಕೂಲಿಗಳು ಕಟ್ಟಿದರು. ಗಾಳಿ ಬೀಸುವ ಆ ಬಯಲಿನಲ್ಲಿ ಗುಡಿಸಲು ಹಾಕಿಕೊಂಡಿದ್ದ ಅವರಲ್ಲಿ ಕೆಲವರು, ಗುಡ್ಡದಾಚೆಯ ಹೆಂಡದಂಗಡಿಗೆ ಹೋಗಿ ‘ಡೆವಿಲ್ಸ್ ಸ್ಟೇರ್‌ಕೇಸ್’ ಎಂಬ ಕಡಿದಾದ ಹಾದಿಯಲ್ಲಿ ಹಿಂದಿರುಗುವಾಗ ಹಿಮದಲ್ಲಿ ಸಿಲುಕಿ ಸತ್ತರೆಂದು ಊರಿನವರು ಹೇಳುತ್ತಾರೆ. ಇಂದು ವೆಸ್ಟ್ ಹೈಲ್ಯಾಂಡ್ ವೇ ಎಂಬ ನಡಿಗೆದಾರಿಯಲ್ಲಿ ಬರುವವರು ಗುಡ್ಡ ದಾಟುವುದು ಅದೇ ಹಾದಿಯಲ್ಲಿ. ಅಣೆಕಟ್ಟಿನ ಕೆಳಗೆ, ಒಂದು ಸಣ್ಣ ದಿಬ್ಬದ ಮೇಲೆ, ಸತ್ತ ಕೂಲಿಗಳ ಪುಟ್ಟ ಸ್ಮಶಾನವಿದೆ. ಗುರುತಿಗೆ ನಿಲ್ಲಿಸಿದ ಕಲ್ಲುಗಳೂ ಅಣೆಕಟ್ಟಿನಂತೆ ಕಾಂಕ್ರೀಟಿನವೇ. ಅವುಗಳಲ್ಲೊಂದರ ಮೇಲೆ ಹೆಸರಿನ ಜಾಗದಲ್ಲಿ ‘ಗೊತ್ತಿಲ್ಲ’ ಎಂಬರ್ಥದ ಎರಡು ಇಂಗ್ಲಿಷ್ ಪದಗಳಷ್ಟೇ ಇವೆ.

ಮುಂದೆ ಸ್ಕಾಟ್ಲೆಂಡಿನ ಬಗ್ಗೆ ಬರೆಸುವಾಗ ಈ ಊರಿಗೆ ಕನಿಷ್ಠ ಒಂದು ಪ್ಯಾರಾ ಮೀಸಲಿಡಬೇಕೆಂದು ಕೋರುತ್ತೇನೆ. ಹೋಗುವವರಿಗೂ ಒಂದು ಮಾತು: ಅಲ್ಲಿಗೆ ರೈಲಿಲ್ಲ, ಹತ್ತಿರದ ಫೋರ್ಟ್ ವಿಲಿಯಂ ಪಟ್ಟಣದಿಂದ ಬಸ್ಸು ಹಿಡಿಯಬೇಕು. ಅಣೆಕಟ್ಟಿನವರೆಗಿನ ಕಾಲುದಾರಿ ಜೌಗಾದ್ದರಿಂದ ಗಟ್ಟಿ ಬೂಟು ಬೇಕು, ಹೋಗಿಬರಲು ಒಂದಿಡೀ ದಿನ ಇಟ್ಟುಕೊಳ್ಳಬೇಕು. ಬೇಸಿಗೆಯಲ್ಲಿ ಮಿಡ್ಜ್ ಎಂಬ ನುಸಿಯ ಕಾಟ ವಿಪರೀತ. ತಲೆಗೆ ಹಾಕಿಕೊಳ್ಳುವ ಬಲೆಯನ್ನು ಮರೆತು ಹೋಗಬಾರದು.

ಇಂತಿ,
ನಿವೃತ್ತ ಎಂಜಿನಿಯರ್, ಮೈಸೂರು