ಫೌಂಡ್ರಿ ಮರಳಿಗೆ ಹಂಚಿಕೆಯ ಘಟಕ ಬೇಕು

ಮಾನ್ಯ ಸಂಪಾದಕರೇ,

ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳು, ಅಂದರೆ ಮರಳಿನ ಅಚ್ಚಿಗೆ ಕರಗಿದ ಲೋಹ ಸುರಿದು ಎರಕ ಹೊಯ್ಯುವ ಕಾರ್ಖಾನೆಗಳು, ಒತ್ತೊತ್ತಾಗಿವೆ. ಹೀಗಿರುವಾಗ ಬಳಸಿದ ಮರಳಿಗೆ ಒಬ್ಬೊಬ್ಬರೇ ದಾರಿ ಹುಡುಕುವುದು ಬರೀ ನಷ್ಟ. ಮರಳನ್ನು ಕಾಯಿಸಿ ಮರುಬಳಕೆಗೆ ತರುವ ಕುಲುಮೆಯನ್ನು ಸಣ್ಣ ಫೌಂಡ್ರಿಯೊಂದು ನಿರಂತರವಾಗಿ ಓಡಿಸಲಾರದು. ಪ್ರತಿ ಸಲ ತಣ್ಣಗಿನಿಂದ ಹೊತ್ತಿಸಿದರೆ ಇಂಧನ ವ್ಯರ್ಥ. ಐದಾರು ನೆರೆಯವರು ಕೂಡಿದರೆ ಅದು ಸಾಧ್ಯ.

ಎಡವುವುದು ಬೇರೆ ಬೇರೆ ಬಗೆಯ ಮರಳುಗಳ ಬೆರಕೆಯಲ್ಲಿ. ರಾಳದಿಂದ ಅಂಟಿಸಿದ ಮರಳನ್ನು ಸುಮಾರು 700 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾಯಿಸಿದರೆ ರಾಳ ಸುಟ್ಟುಹೋಗುತ್ತದೆ. ಅಂಟಿಗೆ ಬಳಸುವ ಬೆಂಟೊನೈಟ್ ಜೇಡಿ ಹಾಗಲ್ಲ, ಮರಳಿನ ಹರಳಿಗೇ ಅಂಟಿ ಗಟ್ಟಿಯಾಗುತ್ತದೆ. ಅದನ್ನು ಉಜ್ಜಿಯೇ ಬಿಡಿಸಬೇಕು. ಫ್ಯೂರಾನ್ ಎಂಬ ರಾಳದ ಮರಳಿನಲ್ಲಿ ಉಳಿದ ಗಂಧಕ ಡಕ್ಟೈಲ್ ಕಬ್ಬಿಣದ (ಸುಲಭವಾಗಿ ಮುರಿಯದ ಎರಕ ಕಬ್ಬಿಣ) ಅಚ್ಚಿಗೆ ಹೋದರೆ ಎರಕದ ಮೇಲ್ಪದರದಲ್ಲಿ ಗ್ರಾಫೈಟ್ (ಕಬ್ಬಿಣದೊಳಗಿನ ಇಂಗಾಲ) ಗುಂಡಗಾಗದೆ ಚಕ್ಕೆಯಾಗುತ್ತದೆ. ಆದ್ದರಿಂದ ಅಚ್ಚು ಒಡೆಯುವ ಜಾಗದಲ್ಲೇ ರಾಶಿಗಳನ್ನು ಬೇರೆ ಮಾಡಿ, ಪ್ರತಿ ಲೋಡಿಗೂ ಸುಟ್ಟಾಗಿನ ತೂಕನಷ್ಟ (ಸುಟ್ಟುಹೋಗುವ ಅಂಟು ಎಷ್ಟು ಉಳಿದಿದೆ ಎಂಬುದರ ಸೂಚಕ) ಅಳೆಯಲೇಬೇಕು.

ಮರುಬಳಕೆಗೆ ಬಾರದ್ದು ಪಕ್ಕದ ಪೇವರ್ ಬ್ಲಾಕ್ (ನೆಲಕ್ಕೆ ಹಾಸುವ ಕಾಂಕ್ರೀಟ್ ಇಟ್ಟಿಗೆ) ಘಟಕಕ್ಕೆ ಹೋಗಲಿ. ಮೊದಲು ಫೀನಾಲ್ ಎಂಬ ವಿಷಕಾರಿ ರಾಸಾಯನಿಕ ಮತ್ತು ಭಾರಲೋಹಗಳು ನೀರಿಗೆ ಸೋರುತ್ತವೆಯೇ ಎಂಬ ಪರೀಕ್ಷೆ, ನಂತರ ಅಯಸ್ಕಾಂತ, ಜರಡಿ. ಸಣ್ಣ ಜಲ್ಲಿಪುಡಿಯ ಶೇ 10ರಷ್ಟನ್ನು ಮಾತ್ರ ಬದಲಿಸಿ, 28 ದಿನ ಗಟ್ಟಿಯಾದ ಬ್ಲಾಕಿನ ಬಲ ನೋಡಿ ಹೆಚ್ಚಿಸಬಹುದು. ಜೇಡಿ ಹೆಚ್ಚಾದರೆ ನೀರು ಜಾಸ್ತಿ ಬೇಡಿ ಬ್ಲಾಕ್ ಸೊರಗುತ್ತದೆ.

ಡೆನ್ಮಾರ್ಕಿನ ಕಲುಂಡ್‌ಬೋರ್ಗ್‌ನಲ್ಲಿ 1972ರಲ್ಲೇ ತೈಲ ಶುದ್ಧೀಕರಣಾಗಾರದ ಹೆಚ್ಚುವರಿ ಅನಿಲ ನೆರೆಯ ಜಿಪ್ಸಂ ಹಲಗೆ ಕಾರ್ಖಾನೆಗೆ ಹರಿಯಿತು. ಅಲ್ಲಿನ ವಿನಿಮಯಗಳೆಲ್ಲ ನೆರೆಯವರ ನಡುವಿನ ವ್ಯಾಪಾರ ಒಪ್ಪಂದಗಳೇ. ನಮ್ಮಲ್ಲೂ ಸಾಗಣೆ ಖರ್ಚು ಯಾರದು, ತಿರಸ್ಕೃತ ಲೋಡು ಯಾರದು ಎಂಬುದು ಬರಹದಲ್ಲಿರಲಿ.

ಕೆಐಎಡಿಬಿ (ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಮಂಡಳಿ) ಇದಕ್ಕೊಂದು ಚಾವಣಿಯುಳ್ಳ ಅಂಗಳ ಕೊಡಬೇಕು. ಬೆಳಗಾವಿಯ ಮಳೆಗೆ ನೆನೆದ ಮರಳನ್ನು ಕುಲುಮೆಗೆ ಹಾಕಿದರೆ ಇಂಧನವೆಲ್ಲ ನೀರಾವಿಗೇ ಖರ್ಚಾಗುತ್ತದೆ.