ತಟ್ಟುವ ಸದ್ದು ಯಾರದ್ದು ಅಂತ ಮೊದಲು ತೀರ್ಮಾನಿಸು

ಸಕಲೇಶಪುರ

ಪುಟ್ಟಿಗೆ ಅಮ್ಮನ ಆಶೀರ್ವಾದ.

ಊರಿನ ತೊಟ್ಟಿಮನೆಯಲ್ಲೇ ನಿನ್ನ ಕಿರುಚಿತ್ರ ತೆಗೆಯುತ್ತೀನಿ ಅಂದೆಯಲ್ಲ, ಅದಕ್ಕೆ ಮುಂಚೆ 1963ರ ‘ದ ಹಾಂಟಿಂಗ್’ ಸಿನಿಮಾನ ಎರಡು ಸಲ ನೋಡು. ಒಂದು ಸಲ ರಾತ್ರಿ, ದೀಪ ಆರಿಸಿ, ಇಯರ್‌ಫೋನ್ ಹಾಕಿಕೊಂಡು. ಇನ್ನೊಂದು ಸಲ ಹಗಲಲ್ಲಿ, ಸದ್ದು ಪೂರ್ತಿ ನಿಲ್ಲಿಸಿ. ಎರಡನೇ ಸಲ ಎಲ್ಲೆಲ್ಲಿ ಭಯ ಆಗಲಿಲ್ಲವೋ ಅಲ್ಲಲ್ಲಿ ಗುರುತು ಹಾಕಿಕೋ. ಕಲಿಯೋದು ಇರೋದು ಅಲ್ಲೇ.

ರಾಬರ್ಟ್ ವೈಸ್ ನಿರ್ದೇಶನ, ಶರ್ಲಿ ಜಾಕ್ಸನ್ 1959ರಲ್ಲಿ ಬರೆದ ಕಾದಂಬರಿ. ಕಪ್ಪು ಬಿಳುಪು, 112 ನಿಮಿಷ. ಅಷ್ಟು ಹೊತ್ತಿನಲ್ಲಿ ಒಂದು ದೆವ್ವವೂ ಕಣ್ಣಿಗೆ ಬೀಳುವುದಿಲ್ಲ.

ಮೊದಲ ರಾತ್ರಿಯ ದೃಶ್ಯ ಗಮನಿಸು. ದೂರದಲ್ಲಿ ಗೋಡೆ ತಟ್ಟುವ ಸದ್ದು. ದೆವ್ವದ ಮನೆಗೆ ಬಂದಿರೋ ಕಥಾನಾಯಕಿ ಎಲಿನಾರ್ ನಿದ್ದೆಗಣ್ಣಲ್ಲಿ ‘ಬಂದೆ ಅಮ್ಮಾ’ ಅಂತಾಳೆ. ಅವಳ ಅಮ್ಮ ಹಾಸಿಗೆ ಹಿಡಿದಿದ್ದಾಗ ಹೀಗೇ ಗೋಡೆ ತಟ್ಟಿ ಕರೆಯುತ್ತಿದ್ದಳು. ಸತ್ತ ರಾತ್ರಿ ಮಗಳು ಎದ್ದು ಹೋಗಿರಲಿಲ್ಲ. ಆ ಸದ್ದು ಮನೆಯದಾ, ಅವಳ ಎದೆಯೊಳಗಿನದಾ ಅಂತ ಕೊನೆವರೆಗೂ ಗೊತ್ತಾಗುವುದಿಲ್ಲ. ಇದೊಂದನ್ನು ತೆಗೆದುಬಿಟ್ಟರೆ ಉಳಿಯೋದು ಬರೀ ಢಬಢಬ ಅನ್ನೋ ಶಬ್ದ. ಅದಕ್ಕೇ ಹೇಳೋದು, ಕ್ಯಾಮೆರಾ ಹಿಡಿಯುವ ಮುಂಚೆ ನಿನ್ನ ಚಿತ್ರದ ಹುಡುಗಿ ಯಾರು ಕರೆದಾಗ ಓಗೊಡಲಿಲ್ಲ ಅಂತ ಬರೆದುಕೋ.

ಆ ಸದ್ದುಗಳನ್ನು ವೈಸ್ ಮೊದಲೇ ಮುದ್ರಿಸಿಕೊಂಡು ಚಿತ್ರೀಕರಣದ ಹೊತ್ತಿಗೆ ನಟರಿಗೆ ಕೇಳಿಸುತ್ತಿದ್ದ. ನೀನೂ ಹಾಗೇ ಮಾಡು. ಅಟ್ಟದ ಹಲಗೆಯನ್ನು ಒನಕೆಯಿಂದ ಕುಟ್ಟಿ ರೆಕಾರ್ಡ್ ಮಾಡಿ, ಸ್ಪೀಕರನ್ನು ಮುಚ್ಚಿದ ಬಾಗಿಲ ಆಚೆ ಇಡು. ಮಾತಿರುವ ಶಾಟ್‌ನಲ್ಲಿ ಮಾತ್ರ ಹಾಕಬೇಡ. ಸದ್ದೂ ಮಾತೂ ಕಲಸಿಹೋದರೆ ಎಡಿಟಿಂಗ್‌ನಲ್ಲಿ ಬಿಡಿಸಲಾಗುವುದಿಲ್ಲ. ಆಷಾಢದಲ್ಲಂತೂ ಬರಲೇಬೇಡ, ಶೀಟಿನ ಮೇಲೆ ಬೀಳೋ ಮಳೆ ಎಲ್ಲವನ್ನೂ ನುಂಗುತ್ತೆ. ಮಳೆ ಬಿಟ್ಟ ಮೇಲೆ ಬಾ. ಸಂಜೆ ಜೀರುಂಡೆ ಸದ್ದನ್ನು ಎರಡು ನಿಮಿಷ ಪ್ರತ್ಯೇಕವಾಗಿ ಹಿಡಿದುಕೋ. ದೃಶ್ಯದುದ್ದಕ್ಕೂ ಅದನ್ನು ಸಣ್ಣಗೆ ಹಾಕಿ, ಬಾಗಿಲು ತಟ್ಟುವುದಕ್ಕೆ ಎರಡು ಸೆಕೆಂಡ್ ಮುಂಚೆ ತಟ್ಟನೆ ಕತ್ತರಿಸು. ಜೀರುಂಡೆ ಒಮ್ಮೆಲೇ ನಿಂತರೆ ಮಲೆನಾಡಿನವರು ಉಣ್ಣುತ್ತಿದ್ದ ಕೈ ನಿಲ್ಲಿಸಿ ತಲೆ ಎತ್ತುತ್ತಾರೆ.

ಆ ಸಿನಿಮಾದಲ್ಲಿ ಬಾಗಿಲು ಉಬ್ಬುವ ದೃಶ್ಯಕ್ಕೆ ಮಾಯಮಂತ್ರ ಏನೂ ಇಲ್ಲ. ಪದರ ಪದರವಾಗಿ ಅಂಟಿಸಿದ ಮರದ ಬಾಗಿಲನ್ನು ಹಿಂದಿನಿಂದ ಒಬ್ಬ ಆಳು ದಿಮ್ಮಿಯಿಂದ ಒತ್ತಿದ, ಅಷ್ಟೇ. ನಮ್ಮ ಹಲಸಿನ ಬಾಗಿಲು ಜಪ್ಪಯ್ಯ ಅಂದ್ರೂ ಬಾಗಲ್ಲ. 4 ಮಿ.ಮೀ. ಪ್ಲೈವುಡ್‌ಗೆ ಅದೇ ಬಣ್ಣ ಬಳಿದು, ದಾರಂದಕ್ಕೆ ಅಂಚು ಬಿಗಿದು, ನಡುವೆ ನಿಧಾನವಾಗಿ ಒತ್ತಿಸು. ದೀಪ ಪಕ್ಕದಿಂದ ಬೀಳಬೇಕು. ಎದುರಿನಿಂದ ಬಿದ್ದರೆ ನೆರಳೇ ಹುಟ್ಟದೆ ಉಬ್ಬು ಕಾಣುವುದಿಲ್ಲ.

ಮನೆ ವಕ್ರವಾಗಿ ಕಾಣುವುದಕ್ಕೆ ವೈಸ್ ಪ್ಯಾನಾವಿಷನ್ ಕಂಪನಿಯಿಂದ 30 ಮಿ.ಮೀ.ನ, ಅಗಲಕ್ಕೆ ಕಾಣುವ ಲೆನ್ಸ್ ತರಿಸಿದ. ಅದಿನ್ನೂ ಪೂರ್ತಿ ಸಿದ್ಧವಾಗಿರಲಿಲ್ಲ, ಗೆರೆಗಳು ಸೊಟ್ಟ ಬರುತ್ತಿದ್ದವು. ಸೊಟ್ಟ ಬರುತ್ತದೆಂದು ತನಗೆ ಗೊತ್ತಿದೆ ಅಂತ ಸಹಿ ಹಾಕಿಕೊಟ್ಟು ಲೆನ್ಸ್ ಪಡೆದ. ಕಥೆಯಲ್ಲೂ ಆ ಮನೆಯ ಒಂದು ಮೂಲೆಯೂ ನೆಟ್ಟಗಿಲ್ಲ, ಬಾಗಿಲುಗಳು ತಾವಾಗೇ ಮುಚ್ಚಿಕೊಳ್ಳುತ್ತವೆ. ಲೆನ್ಸಿನ ದೋಷ ಮನೆಯ ದೋಷಕ್ಕೆ ಹೇಗೆ ಕೂಡಿಬಂತು ನೋಡು. ನಿನ್ನ ಫೋನಿನಲ್ಲಿ ಅಗಲಕ್ಕೆ ಕಾಣುವ 0.5 ಲೆನ್ಸ್ ಸಾಕು, ಗೆರೆ ನೆಟ್ಟಗೆ ಮಾಡುವ ಸೆಟ್ಟಿಂಗ್ ಇದ್ದರೆ ಆರಿಸಿಬಿಡು. ಮುಖವನ್ನು ಮಾತ್ರ ಅಂಚಿಗೆ ತರಬೇಡ. ಮುಖ ಎಳೆದ ಹಾಗಾದರೆ ಜನ ನಗುತ್ತಾರೆ.

ಕೈ ಹಿಡಿದುಕೊಳ್ಳುವ ದೃಶ್ಯದ ಬಗ್ಗೆ ಏನೂ ಹೇಳಲ್ಲ, ನೀನೇ ನೋಡು. ಕ್ಯಾಮೆರಾ ಆಗ ಗೋಡೆಯ ಚಿತ್ತಾರದ ಮೇಲೇ ಇರುತ್ತೆ; ನೋಡ್ತಾ ನೋಡ್ತಾ ಅದೇ ಮುಖ ಆಗುತ್ತೆ.

1999ರಲ್ಲಿ ಇದನ್ನೇ ಮತ್ತೆ ತೆಗೆದರು. ಕಂಪ್ಯೂಟರಿನಲ್ಲಿ ದೆವ್ವಗಳನ್ನು ಮಾಡಿ ತೋರಿಸಿದರು. ದೆವ್ವಕ್ಕೆ ಇಷ್ಟೇ ಆಕಾರ ಅಂತ ಗೊತ್ತಾದ ಮೇಲೆ ನೋಡುವವರ ಮನಸ್ಸಿಗೆ ಕೆಲಸವೇ ಉಳಿಯಲಿಲ್ಲ. ನೀನು ಏನೇ ಮಾಡು, ಆ ಬಾಗಿಲು ತೆರೆದು ಆಚೆ ಇರುವುದನ್ನು ತೋರಿಸಬೇಡ.

ಅಟ್ಟದ ಬಾಗಿಲಿನ ಕೀಲು ಈ ಸಲ ಚೆನ್ನಾಗಿ ಕಿರುಗುಡುತ್ತಿದೆ. ನೀನು ಬಂದು ರೆಕಾರ್ಡ್ ಮಾಡುವ ತನಕ ಎಣ್ಣೆ ಬಿಡಬೇಡಿ ಅಂತ ಅಪ್ಪನಿಗೆ ಹೇಳಿದ್ದೀನಿ.

ನಿನ್ನ ಅಮ್ಮ